ವಿದೇಶಿ ಅತಿಥಿ ಮನೆಗೆ ಬಂದರೆ ಪೊಲೀಸರಿಗೆ ತಿಳಿಸಬೇಕಾ?

ನಿಮ್ಮ ಪ್ರಶ್ನೆ: ಮಗಳ ಜರ್ಮನ್ ಗೆಳತಿ ಪ್ರವಾಸಿ ಇ-ವೀಸಾದಲ್ಲಿ ಬಂದು ಉಡುಪಿಯ ನಮ್ಮ ಮನೆಯಲ್ಲಿ ಹತ್ತು ದಿನ ಇರುತ್ತಾಳೆ, ಏನಾದರೂ ಕಾಗದಪತ್ರ ಬೇಕಾ?

ಬೇಕು. ಇದು ಅವಳ ಕೆಲಸ ಅಲ್ಲ, ನಿಮ್ಮದು. ಲಾಡ್ಜ್, ಹೋಮ್‌ಸ್ಟೇಗೆ ಮಾತ್ರ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ, ಬಾಡಿಗೆ ಪಡೆಯದೆ ಸುಮ್ನೆ ಮನೆಯಲ್ಲಿ ಉಳಿಸಿಕೊಂಡರೂ ಅವಳು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಮಾಹಿತಿ ಕೊಡಬೇಕು. ಎಲ್ಲರ ಬಾಯಲ್ಲೂ ಇದು ‘ಫಾರ್ಮ್ ಸಿ’. ಆನ್‌ಲೈನ್‌ನಲ್ಲೇ ತುಂಬಬಹುದು, ಶುಲ್ಕ ಇಲ್ಲ.

ಮೊದಲು ನಿಮ್ಮ ಮನೆ ವಿಳಾಸ ಕೊಟ್ಟು ಲಾಗಿನ್ ಮಾಡಿಕೊಳ್ಳಬೇಕು. ಇದನ್ನು ಅವಳು ಬರುವ ಮೊದಲೇ ಮುಗಿಸಿಡಿ, ಆಮೇಲೆ ಗಡಿಬಿಡಿ ಆಗುತ್ತದೆ. ಬಂದ ಕೂಡಲೇ ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ, ವಿಮಾನ ನಿಲ್ದಾಣದಲ್ಲಿ ಒತ್ತಿದ ಮುದ್ರೆ, ಮೂರನ್ನೂ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮುದ್ರೆಯ ತಾರೀಕು ಎಷ್ಟೋ ಸಲ ಮಸುಕಾಗಿರುತ್ತದೆ, ಬೋರ್ಡಿಂಗ್ ಪಾಸ್ ಎಸೆಯಬೇಡಿ ಅಂತ ಹೇಳಿ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆ ಯಾವುದು, ‘ಓ’ ಅಕ್ಷರ ಯಾವುದು ಅಂತ ಎರಡು ಸಲ ನೋಡಿ.

ಅವಳು ಎಫ್‌ಆರ್‌ಆರ್‌ಒನಲ್ಲಿ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ನೋಂದಣಿ ಮಾಡಿಸಬೇಕಾಗಿಲ್ಲ. ಅದು ಮಣಿಪಾಲಕ್ಕೆ ಓದಲು ಬರುವವರಂತೆ 180 ದಿನಕ್ಕಿಂತ ಜಾಸ್ತಿ ಅವಧಿಯ ವಿದ್ಯಾರ್ಥಿ ವೀಸಾ ಇದ್ದವರಿಗೆ. ಅವರಿಗೆ 14 ದಿನದ ಗಡುವು.

ಇನ್ನೊಂದು: ಪ್ರವಾಸಿ ವೀಸಾದಲ್ಲಿ ಮಲ್ಪೆ ಬೀಚು, ಕೃಷ್ಣ ಮಠ ಸುತ್ತಬಹುದು, ಸಂಬಳದ ಕೆಲಸ ಮಾಡುವಂತಿಲ್ಲ.