ಹಿಂಬದಿಯ ಬಿಸಿಗಾಳಿಗೆ ಹೆದರಬೇಡಿ, ಕಪಾಟಿಗೆ ಹೆದರಿ

ಓದುಗರೊಬ್ಬರು ಬರೆದಿದ್ದಾರೆ: "ಪರಿಚಯದವರು ಎರಡು ವರ್ಷ ಆಡಿದ ಪ್ಲೇಸ್ಟೇಷನ್ 5 ಒಂದನ್ನು ಕೊಂಡಿದ್ದೇನೆ. ಮೊದಲ ಮಾದರಿಯದು. ಅದರ ಗಾತ್ರ ನೋಡಿ ಗಾಬರಿಯಾಯಿತು. ಟಿವಿಯ ಕೆಳಗಿನ ಬಾಗಿಲಿರುವ ಕಪಾಟಿನಲ್ಲಿ ಹೇಗೋ ಹಿಡಿಸಿಟ್ಟಿದ್ದೇನೆ. ಅರ್ಧ ಗಂಟೆ ಆಡುವಷ್ಟರಲ್ಲಿ ಹಿಂದಿನಿಂದ ಬಿಸಿಗಾಳಿ ಹೊಡೆಯುತ್ತದೆ. ಒಳಗೆ ದ್ರವಲೋಹವಿದೆಯಂತೆ, ನಿಲ್ಲಿಸಿಟ್ಟರೆ ಸೋರುತ್ತದಂತೆ. ಬಿಚ್ಚಿಸಿ ಒಳ್ಳೆಯ ಥರ್ಮಲ್ ಪೇಸ್ಟ್ ಹಾಕಿಸು ಎಂದು ಗೆಳೆಯ ಹಟ ಹಿಡಿದಿದ್ದಾನೆ. ಹಿಂದೆ ನನ್ನದೊಂದು ಕನ್ಸೋಲ್ ಬಿಸಿಯಾಗಿಯೇ ಸತ್ತಿತ್ತು. ಏನು ಮಾಡಲಿ? ಹಿಂದೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಆದೀತೆ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಮ್ಮೆ ಕನ್ಸೋಲ್ ಕಳೆದುಕೊಂಡವರ ಆತಂಕ ಏನೆಂದು ನನಗೆ ಗೊತ್ತು. ಆದರೆ ನೀವು ಹೆದರಿರುವ ಜಾಗ ಒಂದು, ಹೆದರಬೇಕಾದ ಜಾಗ ಇನ್ನೊಂದು. ಹಿಂದಿನಿಂದ ಬರುವ ಬಿಸಿಗಾಳಿ ಒಳ್ಳೆಯ ಲಕ್ಷಣ. ಒಳಗಿನ ಬಿಸಿ ಹೊರಗೆ ಬರುತ್ತಿದೆ ಎಂದೇ ಅದರ ಅರ್ಥ. ಕಪಾಟಿನಿಂದ ಮಾತ್ರ ಅದನ್ನು ಇವತ್ತೇ ಹೊರಗೆ ತೆಗೆಯಿರಿ. ಈ ಪುಟ ಓದಿ ಮುಗಿಸುವ ಮೊದಲೇ ತೆಗೆದರೂ ಸಂತೋಷ.

ಏಕೆಂದು ಹೇಳುತ್ತೇನೆ. ಗೇಮ್ ಕನ್ಸೋಲ್ ಯಾವ ಭಾರವನ್ನೂ ಎತ್ತುವುದಿಲ್ಲ, ಯಾವ ಚಕ್ರವನ್ನೂ ಉರುಳಿಸುವುದಿಲ್ಲ. ಗೋಡೆಯ ಪ್ಲಗ್ಗಿನಿಂದ ಅದು ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ನಿಮ್ಮಲ್ಲಿರುವ ಮಾದರಿ ದೊಡ್ಡ ಆಟ ನಡೆಯುವಾಗ ಸುಮಾರು 200 ವಾಟ್ ಬಳಸುತ್ತದೆ. ಹಳೆಯ ಕಾಲದ ನೂರು ವಾಟಿನ ಎರಡು ತಂತಿ ಬಲ್ಬುಗಳನ್ನು ಆ ಪೆಟ್ಟಿಗೆಯೊಳಗೆ ಉರಿಸಿಟ್ಟಂತೆ. ಅದರಲ್ಲಿ ಬಹುಪಾಲು ಹುಟ್ಟುವುದು ಒಂದೇ ಚಿಪ್ಪಿನಲ್ಲಿ. ಆಟದ ಲೆಕ್ಕಾಚಾರ ಮಾಡುವ ಸಿಪಿಯು, ಪರದೆಯ ಚಿತ್ರ ಬಿಡಿಸುವ ಜಿಪಿಯು ಎರಡೂ ಸೇರಿದ ಆ ಸಿಲಿಕಾನ್ ತುಂಡಿನ ವಿಸ್ತಾರ ಸುಮಾರು 300 ಚದರ ಮಿಲಿಮೀಟರ್. ಅಂಚೆ ಚೀಟಿಯೇ ಅದಕ್ಕಿಂತ ದೊಡ್ಡದು.

ಈಗ ಒಂದು ಸಣ್ಣ ಲೆಕ್ಕ. ಒಳಗೆ ಹೋದ ಗಾಳಿ ಹೊರಬರುವಾಗ 15 ಡಿಗ್ರಿ ಬಿಸಿಯಾಗಿರುತ್ತದೆ ಎಂದಿಟ್ಟುಕೊಳ್ಳಿ. 200 ವಾಟ್ ಶಾಖವನ್ನು ಹೊತ್ತೊಯ್ಯಲು ಸೆಕೆಂಡಿಗೆ ಸುಮಾರು 11 ಲೀಟರ್ ಗಾಳಿ ಬೇಕು. ನಿಮಿಷಕ್ಕೆ 660 ಲೀಟರ್. ಕಪಾಟಿನ ಬಾಗಿಲು ಮುಚ್ಚಿದ್ದರೆ ಅಷ್ಟು ಹೊಸ ಗಾಳಿ ಬರುವುದೆಲ್ಲಿಂದ? ಉಗುಳಿದ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಒಳಹೋಗುವ ಗಾಳಿ ಹತ್ತು ಡಿಗ್ರಿ ಏರಿದರೆ ಚಿಪ್, ಮೆಮೊರಿ, ಪವರ್ ಸಪ್ಲೈ ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಬರೀ ಗಾಳಿ ಬೀಸಿ ತಂಪಾಗಿಸುವ ಯಾವ ವ್ಯವಸ್ಥೆಯೂ ತನ್ನ ಸುತ್ತಲಿನ ಗಾಳಿಗಿಂತ ಕೆಳಗೆ ಚಿಪ್ಪನ್ನು ಇಳಿಸಲಾರದು. ಈ ಕನ್ಸೋಲಿನ ಕೈಪಿಡಿ ಸುತ್ತಲಿನ ಉಷ್ಣತೆ 5ರಿಂದ 35 ಡಿಗ್ರಿಯೊಳಗೆ ಇರಬೇಕು, ಗೋಡೆಯಿಂದ 10 ಸೆಂಟಿಮೀಟರಾದರೂ ದೂರವಿಡಿ ಎನ್ನುವುದು ಇದಕ್ಕೇ. ಸುಮ್ಮನೆ ಅಚ್ಚು ಹಾಕಿದ ಎಚ್ಚರಿಕೆ ಎಂದುಕೊಂಡು ನಾವು ಆ ಪುಟವನ್ನು ಹಾರಿಸಿಬಿಡುತ್ತೇವೆ.

ಗಾತ್ರದ ಬಗ್ಗೆ ನಿಮ್ಮ ಗಾಬರಿ ಸಹಜ. 390 ಮಿಲಿಮೀಟರ್ ಎತ್ತರ, 260 ಅಗಲ, 104 ದಪ್ಪ, ನಾಲ್ಕೂವರೆ ಕಿಲೊ ತೂಕ. 2020ರಲ್ಲಿ ಅದು ಬಂದಾಗ ಎಷ್ಟೋ ಜನ ಮೂಗು ಮುರಿದರು. ನನಗೆ ಮಾತ್ರ ಅದು ಮೊದಲ ದಿನದಿಂದ ಹಿಡಿಸಿತು. ಆ ಜಾಗವೆಲ್ಲ ಖರ್ಚಾಗಿರುವುದು ಗದ್ದಲ ಕಡಿಮೆ ಮಾಡಲು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋನಿಯ ಯಾಂತ್ರಿಕ ವಿನ್ಯಾಸದ ಮುಖ್ಯಸ್ಥ ಯಾಸುಹಿರೊ ಓಟೊರಿ ಕ್ಯಾಮೆರಾದ ಮುಂದೆ ಅದನ್ನು ಸ್ಕ್ರೂ ಸ್ಕ್ರೂ ಬಿಚ್ಚಿ ತೋರಿಸಿದರು. ಪಕ್ಕದ ಬಿಳಿ ಹಲಗೆ ಜಾರಿಸಿದ ಕೂಡಲೇ ಕಾಣುವುದು ಫ್ಯಾನ್: 120 ಮಿಲಿಮೀಟರ್ ವ್ಯಾಸ, 45 ಮಿಲಿಮೀಟರ್ ದಪ್ಪ, ಎರಡೂ ಮಗ್ಗುಲಿನಿಂದ ಗಾಳಿ ಎಳೆದುಕೊಳ್ಳುವಂಥದು.

ದೊಡ್ಡ ಫ್ಯಾನ್ ಏಕೆ? ಒಂದೇ ಆಕಾರದ ಎರಡು ಫ್ಯಾನ್‌ಗಳಲ್ಲಿ ಗಾಳಿಯ ಪ್ರಮಾಣ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 120 ಮಿಲಿಮೀಟರಿನದು ತಳ್ಳುವಷ್ಟು ಗಾಳಿಯನ್ನು 80 ಮಿಲಿಮೀಟರಿನದು ತಳ್ಳಬೇಕೆಂದರೆ ಮೂರು ಪಟ್ಟಿಗೂ ಹೆಚ್ಚು ವೇಗದಲ್ಲಿ ತಿರುಗಬೇಕು. ಅದೇ ಫ್ಯಾನಿನ ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಹಳೆಯ ಕನ್ಸೋಲ್‌ಗಳು ಆಟದ ಮಧ್ಯೆ ವಿಮಾನ ಹಾರಿದಂತೆ ಕೂಗುತ್ತಿದ್ದುದರ ಮೂಲ ಇಲ್ಲಿದೆ. ಚಿಕ್ಕ ಪೆಟ್ಟಿಗೆ ಬೇಕೆಂದರೆ ಚಿಕ್ಕ ಫ್ಯಾನ್, ಚಿಕ್ಕ ಫ್ಯಾನ್ ಎಂದರೆ ಆ ಕೂಗು. ಮುಂದೆ ಚಿಪ್ ತಯಾರಿಕೆ 7 ನ್ಯಾನೊಮೀಟರ್ ಎಂಬ ತಂತ್ರದಿಂದ ಇನ್ನೂ ಸೂಕ್ಷ್ಮವಾದ 6ಕ್ಕೆ ಇಳಿಯಿತು, 2023ರ ನವೆಂಬರ್‌ನಲ್ಲಿ ತೆಳ್ಳಗಿನ ಮಾದರಿಯೂ ಬಂತು. ನಿಮ್ಮದು ಅದಕ್ಕೆ ಮೊದಲಿನ ದಪ್ಪ ಅಣ್ಣ. ಅದರ ಬಗ್ಗೆ ಬೇಸರ ಬೇಡ.

ಈಗ ದ್ರವಲೋಹ. ನಿಮ್ಮ ಪತ್ರದ ತಿರುಳು ಇದೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಚಿಪ್ಪಿನ ಮೈ ಕನ್ನಡಿಯಂತೆ ನುಣುಪು. ಅದರ ಮೇಲೆ ಕೂರುವ ತಾಮ್ರದ ತಟ್ಟೆಯೂ ನುಣುಪು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಉಬ್ಬುತಗ್ಗು. ಒಂದರ ಮೇಲೊಂದು ಒತ್ತಿದಾಗ ನಿಜವಾಗಿ ತಾಗುವುದು ಉಬ್ಬುಗಳ ತುದಿ ಮಾತ್ರ, ಉಳಿದ ಸಂದಿನಲ್ಲೆಲ್ಲ ಗಾಳಿ. ಶಾಖ ಸಾಗಿಸುವುದರಲ್ಲಿ ಗಾಳಿ ಮಹಾ ಸೋಮಾರಿ. ಆ ಸಂದು ತುಂಬಲೆಂದೇ ಪೇಸ್ಟ್ ಹಚ್ಚುತ್ತಾರೆ. ಸೋನಿ ಪೇಸ್ಟಿನ ಬದಲು ಲೋಹವನ್ನೇ ಹಾಕಿತು. ಇಂಥ ದ್ರವಲೋಹಗಳಲ್ಲಿ ಮುಖ್ಯವಾದದ್ದು ಗ್ಯಾಲಿಯಂ. ಅದು ಕರಗುವುದೇ 29.8 ಡಿಗ್ರಿಯಲ್ಲಿ, ಅಂಗೈಯಲ್ಲಿ ಹಿಡಿದರೂ ನೀರಾಗುತ್ತದೆ. ಜೊತೆಗೆ ಇಂಡಿಯಂ, ತವರ ಬೆರೆಸಿದರೆ ಕೋಣೆಯ ಉಷ್ಣತೆಯಲ್ಲೂ ಗಟ್ಟಿಯಾಗುವುದಿಲ್ಲ. ಶಾಖ ಸಾಗಿಸುವುದರಲ್ಲಿ ಇದು ಗಾಳಿಗಿಂತ ನೂರಾರು ಪಟ್ಟು, ಸಾಧಾರಣ ಪೇಸ್ಟಿಗಿಂತ ಎರಡು ಮೂರು ಪಟ್ಟಾದರೂ ಮೇಲು. ಜಿಪಿಯುವನ್ನು 2.23 ಗಿಗಾಹರ್ಟ್ಜ್‌ವರೆಗೆ ಓಡಿಸುವ ಪುಟ್ಟ ಚಿಪ್ಪಿಗೆ ಇದು ತಕ್ಕ ಜೊತೆ.

ಹಾಗಿದ್ದರೆ ಎಲ್ಲರೂ ಏಕೆ ಬಳಸುವುದಿಲ್ಲ? ಗ್ಯಾಲಿಯಂ ಕೆಟ್ಟ ಜಾತಿಯದು. ನಮ್ಮ ಕಚೇರಿಯಲ್ಲಿ ಒಮ್ಮೆ ಸಹೋದ್ಯೋಗಿಯೊಬ್ಬರು ಅಲ್ಯುಮಿನಿಯಂ ಪಟ್ಟಿಯ ಮೇಲೆ ಬ್ಲೇಡಿನಿಂದ ಗೀರಿ, ಆ ಗೀರಿನ ಮೇಲೆ ಒಂದು ಹನಿ ಉಜ್ಜಿಟ್ಟರು. ಪಾದರಸದಂತೆ ಹೊಳೆಯುತ್ತಿದ್ದ ಹನಿ. ಮರುದಿನ ನೋಡಿದರೆ ಹನಿಯ ಸುತ್ತ ಲೋಹ ಕಪ್ಪಿಟ್ಟಿತ್ತು. ಪಟ್ಟಿಯನ್ನು ಎರಡು ಬೆರಳಲ್ಲಿ ಬಾಗಿಸಿದರು, ಒಣಮಣ್ಣಿನ ಹೆಂಟೆಯಂತೆ ಮುರಿದು ಪುಡಿ ಉದುರಿತು. ಮೇಜಿನ ಸುತ್ತ ನಿಂತಿದ್ದ ನಮಗ್ಯಾರಿಗೂ ಮಾತು ಹೊರಡಲಿಲ್ಲ. ಅಲ್ಯುಮಿನಿಯಂ ಹರಳುಗಳ ಸಂದುಗಳಿಗೆ ಗ್ಯಾಲಿಯಂ ನುಸುಳಿ ಬೆಸುಗೆಯನ್ನೇ ಬಿಡಿಸಿಬಿಡುತ್ತದೆ. ಸಾಲದ್ದಕ್ಕೆ ಅದು ವಿದ್ಯುತ್ ವಾಹಕ. ಒಂದು ಹನಿ ಜಾರಿ ಮದರ್‌ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗಿ ಬೋರ್ಡೇ ಹೋದೀತು. ಹಾಗಾಗಿ ಚಿಪ್ಪಿನ ಸುತ್ತ ಸೀಲ್ ಕೂರಿಸಿ, ಲೋಹವನ್ನು ಅದರೊಳಗೇ ಬಂಧಿಸಿಟ್ಟಿದ್ದಾರೆ. ಲಕ್ಷಗಟ್ಟಲೆ ಯಂತ್ರಗಳಲ್ಲಿ ಇದನ್ನು ನಂಬಿಕೆಯಿಂದ ಹಾಕಲು ಎರಡು ವರ್ಷಕ್ಕೂ ಹೆಚ್ಚು ಕಾಲ ತಯಾರಿ ನಡೆಸಿದೆವು ಎಂದು ಓಟೊರಿಯವರೇ ಹೇಳಿದ್ದರು.

ಈಗ ನಿಮ್ಮ ಗೆಳೆಯರ ಸಲಹೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸರಿಯಾಗಿ ಕೂತಿರುವ ಸೀಲ್ ಎಬ್ಬಿಸಬೇಕು. ದ್ರವಲೋಹವನ್ನು ಒಂದು ಹನಿಯೂ ಚದುರದಂತೆ ಒರೆಸಬೇಕು. ಆಮೇಲೆ ಅದಕ್ಕಿಂತ ಕಡಿಮೆ ದರ್ಜೆಯ ಪೇಸ್ಟ್ ಹಾಕಬೇಕು, ಅದೂ ವರ್ಷಗಳು ಕಳೆದಂತೆ ಒಣಗುವಂಥದು. ನೀವು ಗಳಿಸುವುದೇನು? ಹೆಚ್ಚು ಬಿಸಿ, ಹೆಚ್ಚು ಸದ್ದು. ಗೆಳೆಯರ ಕಾಳಜಿ ದೊಡ್ಡದು, ಹಳೆಯ ಕಂಪ್ಯೂಟರುಗಳಿಗೆ ಆ ಸಲಹೆ ಸರಿಯೂ ಹೌದು. ಈ ಯಂತ್ರಕ್ಕೆ ಅಲ್ಲ. ದಯವಿಟ್ಟು ಮುಟ್ಟಬೇಡಿ.

ನಿಲ್ಲಿಸಿಟ್ಟರೆ ಸೋರುತ್ತದೆಯೇ? ನಿಲ್ಲಿಸಿಯೂ ಮಲಗಿಸಿಯೂ ಇಡಬಹುದು ಎಂದೇ ಈ ಕನ್ಸೋಲ್ ರೂಪಿಸಿದ್ದಾರೆ, ಎರಡಕ್ಕೂ ಆಗುವ ಸ್ಟ್ಯಾಂಡನ್ನೂ ಕೊಟ್ಟಿದ್ದಾರೆ. ದುರಸ್ತಿ ಮಾಡುವ ಕೆಲವರು ಲೋಹ ಒಂದು ಬದಿಗೆ ಸರಿದ ಯಂತ್ರಗಳನ್ನು ಕಂಡಿದ್ದೇವೆ ಎಂದದ್ದು ನಿಜ, 2023ರ ಆರಂಭದಲ್ಲಿ ಈ ಮಾತು ಬಹಳ ಓಡಾಡಿತು. ನನ್ನ ಅಭಿಪ್ರಾಯ ಇಷ್ಟು: ಬಿಚ್ಚದ, ಬೀಳದ ಯಂತ್ರ ನಿಂತರೂ ಚಿಂತೆಯಿಲ್ಲ. ನಿಮ್ಮದು ಎರಡು ವರ್ಷ ಬೇರೆಯವರ ಕೈಯಲ್ಲಿತ್ತು. ಅವರನ್ನೇ ನೇರವಾಗಿ ಕೇಳಿ, ಎಂದಾದರೂ ಬಿದ್ದಿತ್ತೇ, ಯಾರಾದರೂ ಹೀಟ್‌ಸಿಂಕ್ (ಚಿಪ್ಪಿನ ಶಾಖ ಹೀರಿ ಗಾಳಿಗೆ ಬಿಡುವ ರೆಕ್ಕೆಗಳಿರುವ ಲೋಹದ ಭಾಗ) ಎಬ್ಬಿಸಿದ್ದರೇ? ಹೌದೆಂದರೆ ಅಥವಾ ಉತ್ತರ ಸಿಗದಿದ್ದರೆ ಮಲಗಿಸಿಡಿ. ಮಲಗಿಸಿದ್ದರಿಂದ ಏನೂ ನಷ್ಟವಿಲ್ಲ.

ಲೋಹ ದಾಟಿದ ಶಾಖ ಮುಂದೆ ತಾಮ್ರದ ಹೀಟ್ ಪೈಪ್‌ಗಳಿಗೆ ಹೋಗುತ್ತದೆ. ಇವು ಮುಚ್ಚಿದ ಕೊಳವೆಗಳು, ಒಳಗೆ ಒಂದಿಷ್ಟು ದ್ರವ. ಬಿಸಿ ತುದಿಯಲ್ಲಿ ಅದು ಆವಿಯಾಗಿ ತಂಪು ತುದಿಗೆ ಓಡುತ್ತದೆ, ಅಲ್ಲಿ ಮತ್ತೆ ಹನಿಯಾಗಿ, ದೀಪದ ಬತ್ತಿ ಎಣ್ಣೆ ಎಳೆಯುವಂತೆ ಕೊಳವೆಯ ಒಳಗೋಡೆ ಹಿಡಿದು ಹಿಂದಕ್ಕೆ ಬರುತ್ತದೆ. ಮೋಟಾರಿಲ್ಲ, ಸದ್ದಿಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಇದೇ ವಿದ್ಯೆಯನ್ನು ಚಪ್ಪಟೆ ಡಬ್ಬಿಯಲ್ಲಿ ಮಾಡಿದರೆ ವೇಪರ್ ಚೇಂಬರ್. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಆ ದಾರಿ ಹಿಡಿಯಿತು. ಅದು ಮದರ್‌ಬೋರ್ಡನ್ನೇ ಎರಡಾಗಿ ಸೀಳಿ, ನಡುವೆ ಅಲ್ಯುಮಿನಿಯಂ ಚೌಕಟ್ಟು ನಿಲ್ಲಿಸಿ, ನೆತ್ತಿಯಲ್ಲಿ 130 ಮಿಲಿಮೀಟರ್ ಫ್ಯಾನ್ ಕೂರಿಸಿ ಇಡೀ ಪೆಟ್ಟಿಗೆಯನ್ನು ಹೊಗೆಗೊಳವೆಯಂತೆ ಮಾಡಿಕೊಂಡಿದೆ. ಒಂದೇ ವರ್ಷ, ಒಂದೇ ಕಷ್ಟ, ಎರಡು ಬೇರೆ ಉತ್ತರ. ಎರಡೂ ನನಗೆ ಇಷ್ಟ.

ಇನ್ನೊಂದು ಸಂಗತಿ ಹೊರಗೆ ಕಾಣುವುದಿಲ್ಲ, ಆದರೆ ನಿಮ್ಮ ಧೈರ್ಯಕ್ಕೆ ಹೇಳಲೇಬೇಕು. ಹಿಂದಿನ ಕನ್ಸೋಲ್‌ಗಳಲ್ಲಿ ಚಿಪ್ಪಿನ ವೇಗ ಸ್ಥಿರ, ಶಾಖ ಮಾತ್ರ ಆಟದಿಂದ ಆಟಕ್ಕೆ ಏರಿಳಿಯುತ್ತಿತ್ತು. ಯಾವ ಆಟ ಎಷ್ಟು ಬಿಸಿ ಮಾಡೀತು ಎಂದು ಎಂಜಿನಿಯರುಗಳು ಮೊದಲೇ ಊಹಿಸಬೇಕು. ವಿಚಿತ್ರವೆಂದರೆ ಭಾರೀ ಯುದ್ಧದ ದೃಶ್ಯಕ್ಕಿಂತ ಸರಳ ನಕ್ಷೆಯ ಪರದೆಯೇ ಕೆಲವೊಮ್ಮೆ ಹೆಚ್ಚು ಬಿಸಿ ಮಾಡುತ್ತಿತ್ತು. ಪ್ಲೇಸ್ಟೇಷನ್ 5ರಲ್ಲಿ ಅದರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿಯವರ ತಂಡ ಇದನ್ನು ತಿರುಗಿಸಿ ಹಾಕಿತು: ವಿದ್ಯುತ್ತಿಗೆ ಗರಿಷ್ಠ ಮಿತಿ, ವೇಗ ಅದಕ್ಕೆ ಹೊಂದಿಕೊಳ್ಳಬೇಕು. ಆ ವೇಗವನ್ನು ನಿರ್ಧರಿಸುವುದೂ ಉಷ್ಣತೆಯಲ್ಲ, ಚಿಪ್ ಆ ಕ್ಷಣ ಮಾಡುತ್ತಿರುವ ಕೆಲಸ. ಸೆಕೆಯ ಕೋಣೆಯಲ್ಲೂ ಚಳಿಯ ಕೋಣೆಯಲ್ಲೂ ಆಟ ಒಂದೇ ಥರ ನಡೆಯಲಿ ಎಂಬ ಉದ್ದೇಶ. ಹೀಗೆ ಗರಿಷ್ಠ ಶಾಖ ಎಷ್ಟೆಂದು ಮೊದಲೇ ಗೊತ್ತಿದ್ದು, ಅದಕ್ಕೆ ತಕ್ಕಂತೆ ಹೀಟ್‌ಸಿಂಕ್ ಮಾಡಿದ್ದಾರೆ.

ನಿಮ್ಮ ಹಳೆಯ ಕನ್ಸೋಲಿನ ಸಾವಿಗೆ ಬರೋಣ. ಅಂಥ ಸಾವುಗಳಲ್ಲಿ ಜಗತ್ತಿಗೆಲ್ಲ ಗೊತ್ತಾದದ್ದು 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರ ಕೆಂಪು ದೀಪಗಳ ಉಂಗುರ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದರ ವಾರಂಟಿಯನ್ನು ಮೂರು ವರ್ಷಕ್ಕೆ ಹಿಗ್ಗಿಸಿ, ನೂರು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಅದಕ್ಕೆಂದೇ ತೆಗೆದಿಡಬೇಕಾಯಿತು. ಅಲ್ಲಿ ಯಾವುದೂ ಸುಟ್ಟು ಕರಕಲಾಗಿರಲಿಲ್ಲ. ಆನ್ ಮಾಡಿದಾಗ ಬಿಸಿಯಾಗಿ ಹಿಗ್ಗುವುದು, ಆಫ್ ಮಾಡಿದಾಗ ತಣಿದು ಕುಗ್ಗುವುದು, ಹೀಗೆ ಮತ್ತೆ ಮತ್ತೆ ಆದಮೇಲೆ ಚಿಪ್ಪಿನ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಟ್ಟಿದ್ದವು. ತಂತಿಯನ್ನು ಅತ್ತಿತ್ತ ಬಾಗಿಸುತ್ತಲೇ ಇದ್ದರೆ ಒಂದು ಹೊತ್ತಿಗೆ ತುಂಡಾಗುತ್ತದಲ್ಲ, ಹಾಗೆ. ಏರಿಳಿತ ಎಷ್ಟು ಕಡಿಮೆಯೋ ಬೆಸುಗೆಯ ಆಯುಸ್ಸು ಅಷ್ಟು ಹೆಚ್ಚು. ಕಪಾಟಿನ ವಿಷಯಕ್ಕೆ ನಾನು ಇಷ್ಟು ಒತ್ತಾಯ ಮಾಡುತ್ತಿರುವುದು ಇದಕ್ಕೇ.

ನನ್ನದೂ ಒಂದು ಹೀಗೇ ಹೋಗಿದೆ. ಗಾಜಿನ ಬಾಗಿಲಿನ ಕಪಾಟಿನಲ್ಲಿಟ್ಟಿದ್ದೆ, ಧೂಳು ಕೂರದಿರಲಿ ಎಂದು. ಒಂದು ದಿನ ಆಟದ ಮಧ್ಯೆ ಫ್ಯಾನ್ ಕಿರುಚಿ ತಟ್ಟನೆ ಆರಿತು, ಮತ್ತೆ ಏಳಲಿಲ್ಲ. ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ರೆಕ್ಕೆಗಳ ಮುಂದೆ ಬೂದು ಬಣ್ಣದ ಹಾಸು. ಚಿಮಟದಲ್ಲಿ ಎತ್ತಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದುಬಂತು, ರೆಕ್ಕೆಗಳ ಗೆರೆಗಳೆಲ್ಲ ಅದರ ಮೇಲೆ ಅಚ್ಚೊತ್ತಿದ್ದವು. ಬಾಗಿಲು ಧೂಳನ್ನೂ ತಡೆದಿರಲಿಲ್ಲ, ಗಾಳಿಯನ್ನು ಮಾತ್ರ ತಡೆದಿತ್ತು.

ನಿಮ್ಮ ಯಂತ್ರದಲ್ಲಿ ಇದಕ್ಕೆ ಒಳ್ಳೆಯ ಅನುಕೂಲವಿದೆ. ಆಫ್ ಮಾಡಿ, ಪ್ಲಗ್ ಕಿತ್ತು, ಪೂರ್ತಿ ತಣಿಯಲು ಬಿಡಿ. ಪಕ್ಕದ ಬಿಳಿ ಹಲಗೆಗಳಿಗೆ ಸ್ಕ್ರೂ ಇಲ್ಲ, ಮೂಲೆ ಎತ್ತಿ ಜಾರಿಸಿದರೆ ಬರುತ್ತವೆ. ಒಳಗೆ ಧೂಳು ಸೇರಲೆಂದೇ ಮಾಡಿದ ಎರಡು ಕುಳಿಗಳಿವೆ, ಅವುಗಳ ಬಾಯಿ ಹೊರಗೇ ಕಾಣುತ್ತದೆ. ಅಲ್ಲಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಿಡಿದು ಎಳೆಯಿರಿ. ಫ್ಯಾನಿನ ಸುತ್ತಲೂ ಒಮ್ಮೆ ಆಡಿಸಿ, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು. ಎರಡು ವರ್ಷದ್ದು, ಸಾಕಷ್ಟೇ ಸಿಗುತ್ತದೆ. ಅದಕ್ಕಿಂತ ಒಳಗೆ ಹೋಗಬೇಡಿ.

ಟೇಬಲ್ ಫ್ಯಾನ್ ಬೇಡ. ಈ ಕನ್ಸೋಲ್ ಮುಂದಿನಿಂದ ಗಾಳಿ ಎಳೆದು ಹಿಂದಿನಿಂದ ಬಿಡುತ್ತದೆ. ಹಿಂದೆ ಫ್ಯಾನ್ ಇಟ್ಟು ಅದರ ಕಡೆಗೇ ಬೀಸಿದರೆ ಹೊರಬರುವ ಗಾಳಿಗೆ ಎದುರುಗಾಳಿ ಕೊಟ್ಟಂತೆ. ದಪ್ಪ ಜಮಖಾನದ ಮೇಲೂ ಇಡಬೇಡಿ. ಗಟ್ಟಿ ಮೇಜಿನ ಮೇಲೆ, ಬೆನ್ನ ಹಿಂದೆ ಒಂದು ಗೇಣು ಜಾಗ ಬಿಟ್ಟು ಮಲಗಿಸಿಡಿ. ಅರ್ಧ ಗಂಟೆ ಆಡಿದ ಮೇಲೆ ಹಿಂಬದಿಗೆ ಮತ್ತೆ ಕೈ ಒಡ್ಡಿ ನೋಡಿ. ಆಗಲೂ ಬಿಸಿ ಇರುತ್ತದೆ, ಆದರೆ ಫ್ಯಾನಿನ ಸದ್ದು ಮೊದಲಿಗಿಂತ ಇಳಿದಿರಬೇಕು. ಇಳಿಯದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಧೂಳು ಎಷ್ಟು ಸಿಕ್ಕಿತು ಎಂಬುದನ್ನೂ ತಿಳಿಸಿ.

– ಸಂ.