ತುಕ್ಕು ಡಬ್ಬ ಕುಯ್ದರೆ ಟಿಟಿ ಬೇಕಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ತೋಟದ ಮನೆ. ಮಳೆಗಾಲದಲ್ಲಿ ಕತ್ತಿ, ಹಾರೆ, ಅಡುಗೆಮನೆ ಡಬ್ಬ ಎಲ್ಲ ತುಕ್ಕು ಹಿಡಿಯುತ್ತೆ. ಮೊನ್ನೆ ಅಕ್ಕಿ ಡಬ್ಬದ ಮುಚ್ಚಳ ತಾಗಿ ಬೆರಳು ಕುಯ್ದುಕೊಂಡೆ. ಮೇಲಿನ ಗಾಯ ಅಷ್ಟೆ. ಅತ್ತೆ "ಧನುರ್ವಾಯು ಬರುತ್ತೆ, ಈಗಲೇ ಹೋಗು" ಅಂತಾರೆ. ಯಜಮಾನರು "ಆರು ತಿಂಗಳಿಗೊಂದು ಟಿಟಿ ಹಾಕಿಸ್ಕೋ" ಅಂತಾರೆ. ಚಿಕ್ಕಂದಿನ ಲಸಿಕೆ ಎಲ್ಲ ಆಗಿದೆ, ಬಸುರಿಯಾಗಿದ್ದಾಗಲೂ ಹಾಕಿದ್ದರು, ಕೊನೆಯದು 7 ವರ್ಷದ ಹಿಂದೆ. ಏನು ಮಾಡಲಿ?

ಉತ್ತರ: ಈ ಗಾಯಕ್ಕೆ ಇಂಜೆಕ್ಷನ್ ಬೇಡ. ಸೋಪು ಹಚ್ಚಿ, ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಸಾಕು.

ತುಕ್ಕಿನಿಂದ ಧನುರ್ವಾಯು ಬರೋದಿಲ್ಲ. ಅದನ್ನು ತರುವ ಬ್ಯಾಕ್ಟೀರಿಯಾ ಇರೋದು ಮಣ್ಣಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ. ಬೀಜದ ಹಾಗೆ ಗಟ್ಟಿ ಕವಚ ಹೊದ್ದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ. ಗಾಳಿ ಆಡುವ ಕಡೆ ಬೆಳೆಯೋದಿಲ್ಲ. ಮೊಳೆ ಪಾದಕ್ಕೆ ಆಳವಾಗಿ ಚುಚ್ಚಿ, ಮೇಲಿನ ಚರ್ಮ ಮುಚ್ಚಿಕೊಂಡರೆ ಒಳಗೆ ಗಾಳಿ ಇಲ್ಲ, ಅದಕ್ಕೆ ಬೇಕಾದ್ದೂ ಅದೇ. ಅಲ್ಲಿ ಬೆಳೆದು ವಿಷ ಬಿಡುತ್ತೆ, ಆ ವಿಷ ನರಗಳನ್ನು ಹಿಡಿಯುತ್ತೆ. ತುಕ್ಕು ಮೊಳೆಗೆ ಕೆಟ್ಟ ಹೆಸರು ಬಂದಿದ್ದು ಅದು ಮಣ್ಣಲ್ಲಿ ಬಿದ್ದಿರುತ್ತೆ ಅಂತ. ಕೊಟ್ಟಿಗೆಯಲ್ಲಿ ಬಿದ್ದಿರುವ ಹೊಸ ಮೊಳೆಯೂ ಅಷ್ಟೇ ಅಪಾಯ. ಕಬ್ಬಿಣವೇ ಆಗಬೇಕು ಅಂತಿಲ್ಲ, ಬಿದಿರಿನ ಸಿಬಿರು, ಮುಳ್ಳು, ಕಾಡು ಕಡಿದ ಮೇಲೆ ನೆಲದಲ್ಲಿ ಉಳಿಯುವ ಚೂಪು ಕೂಳೆ, ಯಾವುದಾದರೂ ಸಾಕು.

ಹಾಗಾಗಿ ಗಾಯ ಎಲ್ಲಿ ಆಯಿತು, ಎಷ್ಟು ಆಳ, ಕೊನೆಯ ಇಂಜೆಕ್ಷನ್ ಆಗಿ ಎಷ್ಟು ವರ್ಷ ಅಂತ ನೋಡಿ. ಲಸಿಕೆ ಪೂರ್ತಿ ಆದವರಿಗೆ ಸಣ್ಣ, ಚೊಕ್ಕ ಗಾಯವಾದರೆ 10 ವರ್ಷದವರೆಗೆ ಚಿಂತೆ ಇಲ್ಲ. ಮಣ್ಣು ಸಗಣಿ ಸೇರಿದ್ದು, ಆಳದ್ದು ಆದರೆ 5 ವರ್ಷ ದಾಟಿದ್ದರೆ ಒಂದು ಹಾಕಿಸಿಕೊಳ್ಳಬೇಕು. ನಿಮ್ಮದೇ ಲೆಕ್ಕ ತಗೊಳ್ಳಿ: ಡಬ್ಬದ ಮುಚ್ಚಳಕ್ಕೆ ಬೇಡ. ಆದರೆ ನಾಳೆ ಗೊಬ್ಬರ ಗುಂಡಿ ಹತ್ತಿರ ಮುಳ್ಳುತಂತಿ ಕಾಲಿಗೆ ಚುಚ್ಚಿದರೆ ಅದೇ ದಿನ ಹೋಗಬೇಕು. ಗಾಯಕ್ಕೆ ಕಾಫಿಪುಡಿ ಮೆತ್ತಿ ಮುಚ್ಚಬೇಡಿ. ಸಗಣಿಯಂತೂ ಹತ್ತಿರ ತರಲೇಬೇಡಿ.

ಯಜಮಾನರಿಗೆ ಹೇಳಿ, ಆರು ತಿಂಗಳಿಗೊಂದು ಅನ್ನೋದು ಸರಿಯಲ್ಲ. ಹಾಗೆ ಸುಮ್ನೆ ಹಾಕಿಸಿಕೊಂಡರೆ ತೋಳು ಊದಿ ನೋವು ಜಾಸ್ತಿ ಆಗಬಹುದು, ರಕ್ಷಣೆ ಏನೂ ಹೆಚ್ಚೋದಿಲ್ಲ. ಅಂದಹಾಗೆ ಈಗ ಆಸ್ಪತ್ರೆಗಳಲ್ಲಿ ಕೊಡೋದು ಹೆಚ್ಚಾಗಿ ಟಿಡಿ, ಅದರಲ್ಲಿ ಗಂಟಲಮಾರಿಯ ಲಸಿಕೆಯೂ ಸೇರಿರುತ್ತೆ.

ನನಗೆ ಚಿಂತೆ ಆಗಿದ್ದು ನಿಮ್ಮ ಅತ್ತೆಯವರದ್ದು. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾಗಿದ್ದೇ 1978ರಲ್ಲಿ. ಅದಕ್ಕೂ ಮೊದಲು ಹುಟ್ಟಿ, ಮನೆಯಲ್ಲೇ ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಒಂದು ಡೋಸೂ ಆಗಿರೋದಿಲ್ಲ. ಬರಿಗಾಲಲ್ಲಿ ಕೊಟ್ಟಿಗೆ ಗುಡಿಸೋದೂ ಹೆಚ್ಚಾಗಿ ಅವರೇ, ಅಲ್ವಾ? ಅಂಥವರಿಗೆ ಆಳದ, ಕೊಳಕು ಗಾಯವಾದರೆ ಲಸಿಕೆ ಒಂದೇ ಸಾಲದು. ತಕ್ಷಣ ರಕ್ಷಣೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು, ಅದು ಎಲ್ಲ ಕಡೆ ಕೈಗೆ ಸಿಗೋದಲ್ಲ. ಕಾಯಿಲೆ ಸಾಮಾನ್ಯವಾಗಿ 3ರಿಂದ 21 ದಿನದೊಳಗೆ ಕಾಣಿಸಿಕೊಳ್ಳುತ್ತೆ, ಅಷ್ಟರಲ್ಲಿ ಗಾಯ ಮಾಗಿಯೂ ಇರಬಹುದು. ಮೊದಲು ದವಡೆ ಬಿಗಿಯುತ್ತೆ, ಬಾಯಿ ತೆರೆಯೋಕೆ ಆಗೋದಿಲ್ಲ. ಹಾಗಾದರೆ ಬೆಳಗಾಗಲಿ ಅಂತ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅವರಿಗೆ ಹಿಂದೆ ಹಾಕಿಸಿದ ನೆನಪಿಲ್ಲದಿದ್ದರೆ ಈಗಲೇ ಶುರು ಮಾಡಿಸಿ. ಇವತ್ತೊಂದು, 4 ವಾರ ಬಿಟ್ಟು ಇನ್ನೊಂದು, ಅದಾಗಿ 6 ತಿಂಗಳಿಂದ ವರ್ಷದೊಳಗೆ ಮೂರನೇದು. ಕೊಟ್ಟಿಗೆಗೆ ಹೋಗುವಾಗ ಹಾಕಿಕೊಳ್ಳೋಕೆ ಒಂದು ಜೊತೆ ಗಂಬೂಟನ್ನೂ ತಂದುಕೊಡಿ.