ಬೆಂಗಳೂರಲ್ಲಿದ್ದುಕೊಂಡು ಸ್ವಂತ ದೋಣಿ ಇಟ್ಟುಕೊಳ್ಳಬಹುದಾ? ನಿರ್ವಹಣೆ ಹೇಗೆ?

ಇಟ್ಟುಕೊಳ್ಳಬಹುದು, ಆದರೆ ದೋಣಿಗಿಂತ ಅದನ್ನು ಇಡುವ ಜಾಗವೇ ದೊಡ್ಡ ತಲೆನೋವು. ಊರಲ್ಲಿ ದೋಣಿ ಬಿಡುವಂಥ ನದಿ ಇಲ್ಲ. ಇರುವ ವೃಷಭಾವತಿ ನದಿ ಕೊಳಚೆ ನೀರಾಗಿರೋ ಕಥೆ ಗೊತ್ತೇ ಇದೆಯಲ್ವಾ! ಅಂದರೆ ಕಾವೇರಿಗೋ ಕಬಿನಿಗೋ ಹೋಗಬೇಕು. ಅಲ್ಲೂ ಅಣೆಕಟ್ಟಿನ ಹಿನ್ನೀರಾದರೆ ನೀರಾವರಿಯವರನ್ನು, ಕಾಡಿನ ಭಾಗವಾದರೆ ಅರಣ್ಯ ಇಲಾಖೆಯವರನ್ನು ಮೊದಲು ಕೇಳಿ, ಆಮೇಲೆ ದುಡ್ಡು ಹಾಕಿ.

ಇಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ, ತಪಾಸಣೆ ಎಲ್ಲಾ ಬೇಕು. ಫ್ಲಾಟಲ್ಲಿ ಇರುವವರಿಗೆ ನನ್ನ ಸಲಹೆ, ಗಾಳಿ ತುಂಬುವ ಕಯಾಕ್, ಅಂದರೆ ಹುಟ್ಟು ಹಾಕಿ ಸಾಗಿಸುವ ಸಣ್ಣ ದೋಣಿ. ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಬಹುದು. ಪೂರ್ತಿ ಒಣಗಿಸದೆ ಮಡಚಿಟ್ಟರೆ ಮಾತ್ರ ಬೂಸ್ಟು ಹಿಡಿಯುತ್ತದೆ, ಬಿಸಿಲಲ್ಲಿ ಗಟ್ಟಿಯಾಗಿ ಗಾಳಿ ತುಂಬಿ ಬಿಟ್ಟರೆ ಹೊಲಿಗೆ, ಅಂಟು ಬಿಡುತ್ತದೆ.

ಫೈಬರ್ ದೋಣಿಯಾದರೆ ಮೇಲ್ಪದರದ ಸಣ್ಣ ಬಿರುಕನ್ನೂ ಸುಮ್ನೆ ಬಿಡಬೇಡಿ, ನೀರು ಒಳಗೆ ಇಳಿದು ಪದರಗಳನ್ನೇ ಬಿಡಿಸುತ್ತದೆ. ಇಂಜಿನ್ ಕೆಡೋದು ಓಡಿಸಿ ಅಲ್ಲ, ಜಾಸ್ತಿ ನಿಲ್ಲಿಸಿಯೇ: ಈಗಿನ ಪೆಟ್ರೋಲಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿಡಿ. ಕೆಸರು ನೀರಲ್ಲಿ ಓಡಿಸಿದ ಮೇಲೆ ಒಳ್ಳೆ ನೀರು ಹಾಯಿಸಿ ತೊಳೆಯಿರಿ, ಇಲ್ಲದಿದ್ದರೆ ತಂಪು ಮಾಡುವ ಪಂಪು ಸವೆಯುತ್ತದೆ.

ಬೇಸಿಗೆಯಲ್ಲಿ ಕಾವೇರಿಯ ಬಂಡೆಗಳು ಮೇಲೇಳುತ್ತವೆ, ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ.